ಶನಿವಾರ ಸಂತೆಗೆ ಹೋಗಲಿ

ಸೋಮವಾರಪೇಟೆಯ ಓದುಗರೊಬ್ಬರು ಬರೆದಿದ್ದಾರೆ: "ಮಗ, ಸೊಸೆ ಟೊರಾಂಟೊದಲ್ಲಿದ್ದರು. ಕನ್ನಡ ಸಂಘ, ಯುಗಾದಿ ಊಟ ಎಲ್ಲ ಇತ್ತು. ಈಗ ಕೆಲಸ ಸಿಕ್ಕಿತು ಅಂತ ಫ್ರೆಡರಿಕ್ಟನ್ ಅನ್ನೋ ಸಣ್ಣ ಊರಿಗೆ ಹೋಗಿದ್ದಾರೆ. ನಮ್ಮವರು ಯಾರೂ ಇಲ್ಲ, ಬೇಜಾರು ಅಂತಾಳೆ ಸೊಸೆ. ನಿಮ್ಮ ಪತ್ರಿಕೆಯಲ್ಲೂ ಬರೀ ದೊಡ್ಡ ಊರಿನ ಸಂಘಗಳ ಫೋಟೋ. ಇಂಥ ಊರಲ್ಲಿ ಜನ ಹೇಗೆ ಬದುಕುತ್ತಾರೆ? ನಾನು ಯಾವಾಗ ಹೋದರೆ ಒಳ್ಳೆಯದು?"

ಅಮ್ಮಾ, ನಮಸ್ಕಾರ. ಸಂಘದವರು ಫೋಟೋ ಕಳಿಸುತ್ತಾರೆ, ನಾವು ಹಾಕುತ್ತೇವೆ. ಸಂಘ ಇಲ್ಲದ ಊರಿಂದ ಯಾರು ಕಳಿಸಬೇಕು ಹೇಳಿ!

ಫ್ರೆಡರಿಕ್ಟನ್ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ರಾಜಧಾನಿ. ಹಾಗಿದ್ದೂ 2021ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 63 ಸಾವಿರ ಜನ. ಟೊರಾಂಟೊದಲ್ಲಿ ನಮ್ಮವರನ್ನೇ ಹುಡುಕಿಕೊಂಡು, ನಮ್ಮವರ ಜೊತೆಗೇ ವರ್ಷಗಟ್ಟಲೆ ಇದ್ದುಬಿಡಬಹುದು. ಪಕ್ಕದ ಮನೆಯವರ ಹೆಸರೂ ಬೇಕಾಗಲ್ಲ. ಇಲ್ಲಿ ಆ ಆಟ ನಡೆಯೋದಿಲ್ಲ. ನಿಮ್ಮ ಸೊಸೆಗೆ ಬೇಜಾರಾಗಿರೋದು ಅದಕ್ಕೇ. ಆದರೆ ನನ್ನನ್ನು ಕೇಳಿದರೆ ಈ ಊರಿನ ಅನುಕೂಲವೂ ಅದೇ.

ಜಾರ್ಜ್ ಸ್ಟ್ರೀಟಿನಲ್ಲಿ ಬಾಯ್ಸ್ ಮಾರ್ಕೆಟ್ ಇದೆ. 1951ರಲ್ಲಿ ಶುರುವಾದ ರೈತರ ಸಂತೆ. ಶನಿವಾರ ಬೆಳಿಗ್ಗೆ ತೆರೆದು, ಮಧ್ಯಾಹ್ನ ಒಂದಕ್ಕೆಲ್ಲ ಮುಗಿಯುತ್ತದೆ. ನಮ್ಮ ಕಡೆ ವಾರದ ಸಂತೆ ದಿನ ಇಡೀ ಊರೇ ಬೀದಿಗೆ ಬಂದ ಹಾಗೆ ಅಲ್ಲೂ ಎಲ್ಲರೂ ಬರುತ್ತಾರೆ. ಆಲೂಗೆಡ್ಡೆ, ಮೇಪಲ್ ಪಾಕ, ಚೀಸ್, ಕೈಯಲ್ಲಿ ಹೆಣೆದ ಉಣ್ಣೆ ಟೋಪಿ. ಇದರ ನಡುವೆ ಆ ಸಂತೆಯಲ್ಲಿ ಹೆಸರು ಮಾಡಿರೋದು ಯಾವುದು ಗೊತ್ತಾ? ಸಮೋಸ! ತಲೆತಲಾಂತರದಿಂದ ಅಲ್ಲೇ ಇರುವವರೂ ಬೆಳಿಗ್ಗೆ ತಿಂಡಿಗೆ ಸಮೋಸದ ಸಾಲಿನಲ್ಲಿ ನಿಲ್ಲುತ್ತಾರೆ. ಸೊಸೆಗೆ ಹೇಳಿ, ಪ್ರತಿ ಶನಿವಾರ ಅದೇ ಹೊತ್ತಿಗೆ ಹೋಗಲಿ, ಅದೇ ಅಂಗಡಿಯಲ್ಲಿ ತರಕಾರಿ ತಗೊಳ್ಳಲಿ. ಸಣ್ಣ ಊರು, ಮುಖ ಬೇಗ ಗುರುತಾಗುತ್ತದೆ. ಸಂತೆಯಲ್ಲಿ ನೋಡಿದ ಮುಖವೇ ಲೈಬ್ರರಿಯಲ್ಲೂ ಸಿಗುತ್ತದೆ, ಆಸ್ಪತ್ರೆಯಲ್ಲೂ ಸಿಗುತ್ತದೆ.

ಇನ್ನು ಸಂಜೆ ನಡೆಯೋದಕ್ಕೆ ನದಿ ಮೇಲೆ ಬಿಲ್ ಥಾರ್ಪ್ ಸೇತುವೆ. ಅದು ಹಳೇ ರೈಲು ಸೇತುವೆ. 1936ರ ಪ್ರವಾಹದಲ್ಲಿ ಹಾಳಾಗಿ, 1938ರಲ್ಲಿ ಮತ್ತೆ ಕಟ್ಟಿದ್ದು. ರೈಲು ನಿಂತ ಮೇಲೆ ಕಬ್ಬಿಣ ಗುಜರಿಗೆ ಹಾಕದೆ, 1997ರಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಟ್ಟರು. ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಉದ್ದ. ಎದುರಿಗೆ ಬಂದವರು ತಲೆಯಾಡಿಸಿ ಹಲೋ ಅನ್ನುತ್ತಾರೆ. ತಿರುಗಿ ಅಂದರೆ ಸಾಕು, ಮಾತು ಮುಂದುವರಿಸಬೇಕು ಅಂತೇನಿಲ್ಲ.

ಎಲ್ಲಾ ಚೆಂದ ಅಂತ ಹೇಳೋದಿಲ್ಲ. ಡಿಸೆಂಬರಿನಲ್ಲಿ ಸಂಜೆ ಐದಾಗುವ ಮೊದಲೇ ಸೂರ್ಯ ಮುಳುಗುತ್ತಾನೆ. ಕಾರಿಲ್ಲದಿದ್ದರೆ ಕಷ್ಟ. ಫ್ಯಾಮಿಲಿ ಡಾಕ್ಟರ್ ಸಿಗೋದಕ್ಕೆ ಆ ಪ್ರಾಂತ್ಯದಲ್ಲಿ ತುಂಬಾ ಕಾಯಬೇಕು. ಬಂದ ತಕ್ಷಣ ಹೆಸರು ಬರೆಸಬೇಕು, ನಿಮ್ಮ ಮಗ ಬರೆಸಿದ್ದಾನಾ ಕೇಳಿ. ಹಿಮ ತೆಗೆಯುವ ಗಾಡಿ ರಸ್ತೆ ಸ್ವಚ್ಛ ಮಾಡಿ, ಆ ಹಿಮವನ್ನೆಲ್ಲ ನಮ್ಮ ಗೇಟಿನ ಬಾಯಿಗೇ ತಳ್ಳಿ ಹೋಗುತ್ತದೆ. ಬೆಳಿಗ್ಗೆ ಎದ್ದು ಸಲಿಕೆ ಹಿಡಿಯಲೇಬೇಕು. ಪಕ್ಕದ ಮನೆಯವರೂ ಅದೇ ಹೊತ್ತಿಗೆ ಸಲಿಕೆ ಹಿಡಿದು ಬೈದುಕೊಳ್ಳುತ್ತಾ ನಿಂತಿರುತ್ತಾರೆ. ಪರಿಚಯಕ್ಕೆ ಇದಕ್ಕಿಂತ ಒಳ್ಳೆ ಹೊತ್ತು ಇಲ್ಲ.

ಊರಿನ ಮಲ್ಟಿಕಲ್ಚರಲ್ ಅಸೋಸಿಯೇಶನ್ ಹೊಸದಾಗಿ ಬಂದವರಿಗೆ ಸಹಾಯ ಮಾಡುತ್ತದೆ. ಸೊಸೆ ಒಂದು ಸಲ ಹೋಗಿ ವಿಚಾರಿಸಲಿ.

ನೀವು ಹೋಗೋದಾದರೆ ಮೇ ತಿಂಗಳಲ್ಲಿ ಹೋಗಿ. ಹಿಮ ಕರಗಿ ನದಿ ಉಕ್ಕಿ ಇಳಿಯುವ ಕಾಲ. ಆಗ ಹೊಳೆ ದಡದಲ್ಲಿ ಸುರುಳಿ ಸುತ್ತಿದ ಜರೀಗಿಡದ ಚಿಗುರು ಬರುತ್ತದೆ. ಫಿಡಲ್‌ಹೆಡ್ ಅಂತಾರೆ, ಸಂತೆಯಲ್ಲಿ ರಾಶಿ ಹಾಕಿ ಮಾರುತ್ತಾರೆ. ನಿಮ್ಮ ಕೊಡಗಿನ ತೆರ್ಮೆ ಸೊಪ್ಪಿನ ನೆಂಟ ಅನ್ನಿ. ಪಲ್ಯ ಮಾಡುವ ಆಸೆ ಬಂದೇ ಬರುತ್ತದೆ. ಆದರೆ ಹಸಿಯಾಗಿ ತಿಂದರೆ ಹೊಟ್ಟೆ ಕೆಡುತ್ತದೆ. ಚೆನ್ನಾಗಿ ತೊಳೆದು, 15 ನಿಮಿಷ ಕುದಿಸಿ, ಆ ನೀರು ಚೆಲ್ಲಿ, ಆಮೇಲೆ ಒಗ್ಗರಣೆ ಹಾಕಿ.

- ಸಂ.