ಸಂಸಾರ ಅಲ್ಲಿ ಸೆಂಗ್ಸಾರಾ

ನಾನು ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ಮೂರು ವರ್ಷ ಓದಿದವಳು ಅಂತ ಹಿಂದಿನ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಈ ಸಲದ ಪತ್ರಗಳೆಲ್ಲ ಅದೇ ಸಾಲನ್ನು ಹಿಡಿದುಕೊಂಡಿವೆ. ಸರಿ, ಬೇರೆ ಪ್ರಶ್ನೆಗಳು ಮುಂದಿನ ಸಲಕ್ಕೆ.

ಅಕ್ಕಾ, ನಾನು ಸೆಕೆಂಡ್ ಪಿಯುಸಿ. ಇಂಡೋನೇಷ್ಯನ್ ಭಾಷೆಗೆ ಕಾಲ ಇಲ್ಲ, ಲಿಂಗ ಇಲ್ಲ, ಆರು ತಿಂಗಳಲ್ಲಿ ಬಂದುಬಿಡುತ್ತದೆ ಅಂತ ಹೇಳುತ್ತಾರೆ. ನಿಜವಾ? ನಿಜ ಆದರೆ ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷ ಕೂತು ಏನು ಓದುತ್ತಾರೆ?
– ವಿದ್ಯಾರ್ಥಿನಿ, ಪುತ್ತೂರು

ತಂಗಿ, ಮಾರ್ಕೆಟ್ಟಿಗೆ ಹೋಗಿ ಬರುವಷ್ಟು ಮಾತು ಆರು ತಿಂಗಳಲ್ಲಿ ಬರುತ್ತದೆ, ಅದು ನಿಜ. ಲಿಪಿ ರೋಮನ್. ಬರೆದ ಹಾಗೇ ಓದುತ್ತಾರೆ. ‘ಬುಕು’ ಅಂದರೆ ಪುಸ್ತಕ, ‘ಬುಕು-ಬುಕು’ ಅಂದರೆ ಪುಸ್ತಕಗಳು. ‘ಜಾಲನ್’ ಅಂದರೆ ರಸ್ತೆ, ‘ಜಾಲನ್-ಜಾಲನ್’ ಅಂದರೆ ಸುಮ್ನೆ ಹೀಗೇ ಒಂದು ಸುತ್ತು. ಎಲ್ಲಿಗೆ ಹೊರಟಿರಿ ಅಂತ ಬೀದಿಯವರು ನಮ್ಮೂರಿನ ಹಾಗೇ ಕೇಳುತ್ತಾರೆ. ‘ಜಾಲನ್-ಜಾಲನ್’ ಅಂದರೆ ಸಾಕು, ಬಿಡುತ್ತಾರೆ.

ಕ್ರಿಯಾಪದಕ್ಕೆ ಕಾಲದ ಪ್ರತ್ಯಯ ಇಲ್ಲ ಅನ್ನುವುದೂ ನಿಜ. ಆದರೆ ‘ಸುದಾ’ ಮತ್ತು ‘ಬೆಲುಮ್’ ಅಂತ ಎರಡು ಪದ ಇವೆ. ಒಂದು ‘ಆಯ್ತು’, ಇನ್ನೊಂದು ‘ಇನ್ನೂ ಇಲ್ಲ’. ಮದುವೆ ಆಗಿದೆಯಾ ಅಂತ ಪರಿಚಯದ ಐದನೇ ನಿಮಿಷಕ್ಕೆ ಕೇಳುತ್ತಾರೆ. ನಾನು ‘ತಿದಾಕ್’, ಅಂದರೆ ‘ಇಲ್ಲ’ ಅಂದೆ. ಎದುರಿಗಿದ್ದ ಹೆಂಗಸಿನ ಮುಖ ಸಪ್ಪೆಯಾಯಿತು. ಅಲ್ಲಿ ‘ಬೆಲುಮ್’ ಅನ್ನಬೇಕು. ಮದುವೆ, ಮಕ್ಕಳು, ಊಟ, ಸ್ನಾನ, ಯಾವುದನ್ನೂ ಇಲ್ಲ ಅನ್ನುವ ಹಾಗಿಲ್ಲ. ಎಲ್ಲವೂ ಇನ್ನೂ ಆಗಬೇಕಾದದ್ದು.

ಇನ್ನು ಡಿಕ್ಷನರಿ ತೆರೆದಾಗ ಗೊತ್ತಾಗುತ್ತದೆ ಕಷ್ಟ ಎಲ್ಲಿದೆ ಅಂತ. ‘ಮೆನುಲಿಸ್’ ಅಂದರೆ ಬರೆಯುವುದು. ‘ಮ’ದಲ್ಲಿ ಹುಡುಕಿದರೆ ಸಿಗುವುದಿಲ್ಲ. ಧಾತು ‘ತುಲಿಸ್’. ‘ಮೆಮುಕುಲ್’ ಅಂದರೆ ಹೊಡೆಯುವುದು, ಧಾತು ‘ಪುಕುಲ್’. ‘ಮೆಙಿರಿಮ್’ ಅಂದರೆ ಕಳಿಸುವುದು, ಧಾತು ‘ಕಿರಿಮ್’. ‘ಮೆಞಾಪು’ ಅಂದರೆ ಗುಡಿಸುವುದು, ಧಾತು ‘ಸಾಪು’, ಅಂದರೆ ಪೊರಕೆ. ಮುಂದೆ ‘ಮೆ’ ಬಂದ ತಕ್ಷಣ ಮೊದಲ ಅಕ್ಷರ ಮಾಯ. ನನ್ನ ಜೊತೆಗಿದ್ದ ಯುರೋಪಿನ ಹುಡುಗರು ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಿದ್ದರು. ನನಗೆ ಎರಡನೇ ವಾರ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು: ಇದು ನಮ್ಮ ಒಂದನೇ ಕ್ಲಾಸಿನ ವರ್ಣಮಾಲೆ! ಪ ಹೋದ ಕಡೆ ಅದೇ ಸಾಲಿನ ಕೊನೆಯ ಮ. ತ ಹೋದ ಕಡೆ ನ. ಕ ಹೋದ ಕಡೆ ಙ. ಸ ಹೋದ ಕಡೆ ಞ. ನಾವು ಮಳೆ ಜೊತೆ ಕಾಲ ಸೇರಿಸಿ ಮಳೆಗಾಲ ಅನ್ನುವಾಗ ಕ-ವನ್ನು ಗ ಮಾಡುತ್ತೇವೆ, ಅವರು ಮೂಗಿಗೆ ಏರಿಸುತ್ತಾರೆ. ಅಷ್ಟೇ ವ್ಯತ್ಯಾಸ. ಶಾಲೆಯಲ್ಲಿ ಸುಮ್ನೆ ಕಲಿತು ಮರೆತ ಙ, ಞ ನನಗೆ ಉಪಯೋಗಕ್ಕೆ ಬಂದದ್ದು ಜಾವಾ ದ್ವೀಪದಲ್ಲಿ.

ಪುತ್ತೂರು ಅಂದರೆ ನಿನಗೆ ತುಳು ಬರುತ್ತದೆ ಅಂದುಕೊಂಡು ಇನ್ನೊಂದು ಹೇಳುತ್ತೇನೆ. ಕನ್ನಡದ ‘ನಾವು’ ಒಂದೇ. ತುಳುವಿನಲ್ಲಿ ಎರಡು: ಎದುರಿಗಿರುವವರೂ ಸೇರಿದರೆ ‘ನಮ’, ಅವರನ್ನು ಬಿಟ್ಟರೆ ‘ಎಂಕುಲು’. ಇಂಡೋನೇಷ್ಯನ್‌ನಲ್ಲೂ ಹಾಗೇ, ‘ಕಿತಾ’ ಮತ್ತು ‘ಕಾಮಿ’. ಕಾರ್ಕಳದ ಕಡೆಯವಳು ನಾನು, ಮನೆಮಾತು ತುಳು. ಆದರೂ ಮೊದಲ ತಿಂಗಳು ಕನ್ನಡದ ಮೂಲಕವೇ ಯೋಚನೆ ಮಾಡಿ ಕೆಟ್ಟೆ. ಒಂದು ಶನಿವಾರ ನಾವು ನಾಲ್ಕು ಜನ ಗೆಳತಿಯರು ಪರಾಂಗ್‌ತ್ರಿತಿಸ್ ಬೀಚಿಗೆ ಹೊರಟಿದ್ದೆವು. ರೂಮು ಕೊಟ್ಟಿದ್ದ ಓನರಮ್ಮನಿಗೆ, ಅಲ್ಲಿ ಅವರನ್ನು ‘ಇಬು ಕೋಸ್’ ಅನ್ನುತ್ತಾರೆ, ಹೋಗಿ ಬರುತ್ತೇವೆ ಅಂತ ಹೇಳಬೇಕಿತ್ತು. ‘ಕಿತಾ’ ಅಂದುಬಿಟ್ಟೆ. ಹದಿನೈದು ನಿಮಿಷದಲ್ಲಿ ಇಬು ಹೊಸ ಕೆರುಡುಂಗ್ ತಲೆಗೆ ಹಾಕಿಕೊಂಡು, ಕೈಯಲ್ಲಿ ಬುತ್ತಿ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಬಿಟ್ಟು ಹೋಗುವುದಕ್ಕೆ ಆಗುತ್ತದಾ? ಕರೆದುಕೊಂಡು ಹೋದೆವು. ಬುತ್ತಿ ಮಾತ್ರ ಚೆನ್ನಾಗಿತ್ತು.

ನಾಲ್ಕು ವರ್ಷ ಏನು ಓದುತ್ತಾರೆ ಅಂತ ಕೇಳಿದ್ದೀಯಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಆ ದೇಶದಲ್ಲಿ ಏಳುನೂರಕ್ಕೂ ಹೆಚ್ಚು ಭಾಷೆಗಳಿವೆ. ಎಲ್ಲಕ್ಕಿಂತ ಜಾಸ್ತಿ ಜನರ ಮನೆಮಾತು ಜಾವಾದ ಭಾಷೆ. ಆದರೂ 1928ರ ಅಕ್ಟೋಬರ್ 28ರಂದು ಡಚ್ಚರ ಆಳ್ವಿಕೆಯಲ್ಲೇ ಒಂದಷ್ಟು ಯುವಕರು ಸೇರಿ, ನಮ್ಮೆಲ್ಲರನ್ನು ಕೂಡಿಸುವ ಭಾಷೆ ಇದು ಅಂತ ಬಂದರುಗಳ ವ್ಯಾಪಾರದ ಭಾಷೆಯಾಗಿದ್ದ ಮಲಯವನ್ನು ಎತ್ತಿಕೊಂಡು, ಅದಕ್ಕೆ ಇಂಡೋನೇಷ್ಯಾದ ಭಾಷೆ ಅಂತ ಹೆಸರಿಟ್ಟರು. ದೊಡ್ಡ ಗುಂಪಿನ ಭಾಷೆಯನ್ನು ಯಾಕೆ ಬಿಟ್ಟರು? ಜಾವಾದ ಭಾಷೆಯಲ್ಲಿ ಒಂದು ‘ತಿನ್ನು’ ಅನ್ನುವುದಕ್ಕೇ ಮೂರು ಪದ. ಸರೀಕರಿಗೆ ‘ಮಂಗಾನ್’, ಮರ್ಯಾದೆಯ ಮಾತಿಗೆ ‘ನೆಧಾ’, ದೊಡ್ಡವರು ತಿಂದರೆ ‘ಧಾಹರ್’. ಬಾಯಿ ತೆರೆದರೆ ಯಾರು ಮೇಲು ಯಾರು ಕೆಳಗೆ ಅಂತ ತೀರ್ಮಾನ ಆಗಿಹೋಗುತ್ತದೆ. ಮಲಯದಲ್ಲಿ ಆ ರಗಳೆ ಕಮ್ಮಿ. ಇಷ್ಟೆಲ್ಲ ಮಾಡಿದರೂ ನನ್ನ ಕ್ಲಾಸಿನಲ್ಲಿ ಮೇಷ್ಟ್ರು ಹೊರಗೆ ಹೋದ ತಕ್ಷಣ ಎಲ್ಲರೂ ಜಾವಾದ ಭಾಷೆಗೆ ಜಾರುತ್ತಿದ್ದರು, ನಾನು ಪೆಚ್ಚಾಗಿ ಕೂರುತ್ತಿದ್ದೆ. ಈ ‘ಯಾಕೆ’ಗಳಿಗೆ ಆರು ತಿಂಗಳು ಎಲ್ಲಿ ಸಾಲುತ್ತದೆ?

ಇನ್ನೊಂದು ಪದ ‘ಹಿಲಂಗ್’. ಕಳೆದುಹೋಯಿತು ಅಂತ ಅರ್ಥ. ಬೀಗದ ಕೈ ಹಿಲಂಗ್, ಛತ್ರಿ ಹಿಲಂಗ್. ಇಬು ಕೋಸ್ ಮನೆಯ ಗೋಡೆ ಮೇಲೆ ಕಪ್ಪು-ಬಿಳುಪಿನ ಒಂದು ಫೋಟೋ ಇತ್ತು. ಯಾರು ಅಂದೆ. ದೊಡ್ಡಣ್ಣ, ಶಾಲೆ ಮೇಷ್ಟ್ರು, ಹಿಲಂಗ್ ಅಂದರು. ನಾನು ಪೆದ್ದಿ, ಎಲ್ಲಿ ಅಂತ ಕೇಳಿದೆ. ಅವರು ಎದ್ದು ಒಲೆ ಕಡೆ ಹೋದರು. 1965-66ರಲ್ಲಿ ಕಮ್ಯುನಿಸ್ಟರು ಅನ್ನುವ ಹೆಸರಿನಲ್ಲಿ ಆ ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದರು ಅನ್ನುವುದು ಸಾಮಾನ್ಯ ಅಂದಾಜು. ಅದನ್ನು ಓದಿದ್ದು ಎರಡನೇ ಸೆಮಿಸ್ಟರಿನಲ್ಲಿ, ಲೈಬ್ರರಿಯಲ್ಲಿ. ಅವತ್ತು ಸಂಜೆ ರೂಮಿಗೆ ಬಂದು ಆ ಫೋಟೋ ಕಡೆ ಇನ್ನೊಂದು ಸಲ ನೋಡಿದೆ. ಏನೂ ಕೇಳಲಿಲ್ಲ.

ಮೇಡಂ, ಅಲ್ಲಿ ರಾಮಾಯಣ, ಮಹಾಭಾರತ ಇವತ್ತಿಗೂ ಆಡಿಸುತ್ತಾರಂತೆ. ಪದಗಳೂ ಅರ್ಧಕ್ಕರ್ಧ ನಮ್ಮವೇ ಅಂತೆ. ಹಾಗಾದರೆ ನಮ್ಮವರಿಗೆ ಆ ಸಾಹಿತ್ಯ ಓದುವುದು ನೀರು ಕುಡಿದಷ್ಟು ಸುಲಭ ಅಲ್ವಾ?
– ಯಕ್ಷಗಾನ ಅಭಿಮಾನಿ, ಹೊನ್ನಾವರ

ಅರ್ಧಕ್ಕರ್ಧ ಇಲ್ಲ, ಆದರೆ ಬೇಕಾದಷ್ಟಿವೆ. ಸಾಹಿತ್ಯಕ್ಕೆ ‘ಸಾಸ್ತ್ರಾ’ ಅನ್ನುತ್ತಾರೆ, ನಮ್ಮ ಶಾಸ್ತ್ರ. ಕಾಲೇಜು ವಿದ್ಯಾರ್ಥಿ ‘ಮಹಾಸಿಸ್ವಾ’, ಮಹಾಶಿಷ್ಯ ಅಂದ ಹಾಗೆ. ಗಂಡ ‘ಸುವಾಮಿ’, ಹೆಂಡತಿ ‘ಇಸ್ತ್ರಿ’. ಉಪವಾಸ ಸವೆದು ‘ಪುವಾಸಾ’ ಆಗಿದೆ, ರಂಜಾನ್ ತಿಂಗಳಿಡೀ ಎಲ್ಲರ ಬಾಯಲ್ಲೂ ಅದೇ.

ಮೊದಲು ನನಗೂ ನಿಮ್ಮ ಹಾಗೇ ಖುಷಿಯಾಗಿತ್ತು. ಆ ಖುಷಿಯಲ್ಲೇ ಮೊದಲ ಪ್ರಬಂಧ ಬರೆದೆ. ವಿಷಯ ‘ನನ್ನ ಕುಟುಂಬ’. ‘ಸೆಂಗ್ಸಾರಾ’ ಅಂತ ಒಂದು ಪದ ಕಣ್ಣಿಗೆ ಬಿದ್ದಿತ್ತು, ಓಹೋ ಸಂಸಾರ ಅಂದುಕೊಂಡು, ‘ನನಗಿನ್ನೂ ಸೆಂಗ್ಸಾರಾ ಇಲ್ಲ, ಆದರೆ ಅಪ್ಪ-ಅಮ್ಮ ಬೇಗ ಬೇಕು ಅನ್ನುತ್ತಿದ್ದಾರೆ’ ಅಂತ ಬರೆದೆ. ಮೇಡಂ ಓದಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಸೆಂಗ್ಸಾರಾ ಅಂದರೆ ಅಲ್ಲಿ ಯಾತನೆ, ಗೋಳು. ತಪ್ಪು ಅಂತ ಹೇಗೆ ಹಾಕಲಿ, ನನಗೆ ಮದುವೆಯಾಗಿ ಇಪ್ಪತ್ತು ವರ್ಷ ಆಯಿತು ಅಂದರು. ‘ಚಿಂತಾ’ ಅಂದರೆ ಪ್ರೀತಿ. ‘ಬಿಚಾರಾ’ ಅಂದರೆ ಬರೀ ಮಾತಾಡುವುದು, ವಿಚಾರ ಇರಲೇಬೇಕು ಅಂತ ಏನಿಲ್ಲ. ‘ದೋಸಾ’ ಅಂದರೆ ಪಾಪ, ತಿನ್ನುವುದಕ್ಕೆ ಬರುವುದಿಲ್ಲ.

ಕಥೆಗಳೂ ಹಾಗೇ. ಜಾವಾದ ತೊಗಲು ಗೊಂಬೆಯಾಟ ‘ವಯಾಂಗ್ ಕುಲಿತ್’ ನಮ್ಮ ಆಟದ ಹಾಗೇ ರಾತ್ರಿಯಿಡೀ ನಡೆಯುತ್ತದೆ. ‘ದಲಾಂಗ್’ ಅನ್ನುವವನು ಒಬ್ಬನೇ ಕೂತು ಎಲ್ಲ ಗೊಂಬೆ ಆಡಿಸಿ, ಎಲ್ಲರ ದನಿಯಲ್ಲೂ ಮಾತಾಡಿ, ಮೇಳದವರಿಗೆ ಸನ್ನೆಯನ್ನೂ ಕೊಡುತ್ತಾನೆ. ಅಲ್ಲಿಯ ದ್ರೌಪದಿಗೆ ಗಂಡ ಒಬ್ಬನೇ, ಧರ್ಮರಾಯ. ಪಾಂಡವರ ಜೊತೆ ಸೆಮಾರ್ ಅಂತ ಡೊಳ್ಳು ಹೊಟ್ಟೆಯ ಒಬ್ಬ ಮುದುಕ ಇರುತ್ತಾನೆ. ನೋಡಿದರೆ ನಮ್ಮ ಹಾಸ್ಯಗಾರ ಅನ್ನಿಸುತ್ತದೆ. ಅಲ್ಲ. ಅವನು ಆಳಿನ ವೇಷದಲ್ಲಿರುವ ದೇವರು, ಅರ್ಜುನನಿಗೂ ಬುದ್ಧಿ ಹೇಳುತ್ತಾನೆ. ನಮ್ಮ ಮಹಾಭಾರತದಲ್ಲಿ ಅವನೆಲ್ಲಿ?

ಶಿಖಂಡಿ ವಿಷಯ ಕೇಳಿ. ನಮ್ಮಲ್ಲಿ ಆ ಹೆಸರು ಬೈಗುಳ. ಅಲ್ಲಿ ‘ಶ್ರೀಕಂದಿ’ ಬಿಲ್ಲು ಹಿಡಿದ ವೀರ ಹೆಣ್ಣು, ಅರ್ಜುನನ ಹೆಂಡತಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಮೂವರು ಹುಡುಗಿಯರ ಬಿಲ್ಲುಗಾರಿಕೆ ತಂಡ ಬೆಳ್ಳಿ ಗೆದ್ದಿತು. ಇಂಡೋನೇಷ್ಯಾಕ್ಕೆ ಅದೇ ಮೊಟ್ಟಮೊದಲ ಒಲಿಂಪಿಕ್ ಪದಕ. ಅವರಿಗೆ ದೇಶವೇ ಕೊಟ್ಟ ಹೆಸರು ‘ಮೂವರು ಶ್ರೀಕಂದಿಯರು’. ಇವತ್ತಿಗೂ ಯಾವ ಹೆಂಗಸು ಗಟ್ಟಿ ಕೆಲಸ ಮಾಡಿದರೂ ಪತ್ರಿಕೆಯವರು ಶ್ರೀಕಂದಿ ಅಂತ ಹೊಗಳುತ್ತಾರೆ. ಮೊದಲ ಸಲ ಆ ಹೆಡ್‌ಲೈನ್ ಓದಿದಾಗ, ಅಯ್ಯೋ ಪಾಪ, ಯಾರನ್ನೋ ಇಷ್ಟು ಕೆಟ್ಟದಾಗಿ ಬೈದಿದ್ದಾರಲ್ಲ ಅಂದುಕೊಂಡಿದ್ದೆ. ಆದ್ದರಿಂದ ಸಾರ್, ನಮ್ಮದೇ ಅಂದುಕೊಂಡು ಹೋದರೆ ಎಡವುತ್ತೀರಿ. ನೆಂಟರ ಮಗು ದತ್ತು ಹೋಗಿ ಬೇರೆ ಮನೆಯಲ್ಲಿ ಬೆಳೆದ ಹಾಗೆ ಇದು. ಮೂಗು ನಮ್ಮದೇ ಇರಬಹುದು, ಬುದ್ಧಿ ಆ ಮನೆಯದು.

ಹೊಸ ಸಾಹಿತ್ಯಕ್ಕೂ ಒಂದು ಮಾತು. ಪ್ರಮುದ್ಯಾ ಅನಂತಾ ತೂರ್ ಅವರ ಹೆಸರಾಂತ ಕಾದಂಬರಿ ‘ಬುಮಿ ಮನುಸಿಯಾ’. ಹೆಸರು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರನ್ನು ವಿಚಾರಣೆಯೇ ಇಲ್ಲದೆ ಬುರು ದ್ವೀಪದಲ್ಲಿ 1969ರಿಂದ ಹತ್ತು ವರ್ಷ ಕೂಡಿಹಾಕಿದ್ದರು. ಕಾಗದ ಕೊಡಲಿಲ್ಲ. ಜೊತೆಯ ಕೈದಿಗಳಿಗೆ ಬಾಯಲ್ಲೇ ಕಥೆ ಹೇಳಿದರು, ಬರೆದದ್ದು ಆಮೇಲೆ. 1980ರಲ್ಲಿ ಅಚ್ಚಾಯಿತು, 1981ರಲ್ಲಿ ಸರ್ಕಾರ ನಿಷೇಧಿಸಿತು. ಅವರು ತೀರಿಕೊಂಡದ್ದು 2006ರ ಏಪ್ರಿಲ್‌ನಲ್ಲಿ, ನಾನು ಅಲ್ಲಿಗೆ ಹೋದದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ಆಗ ಆ ಪುಸ್ತಕ ಹಳೇ ಪುಸ್ತಕದ ಸಂತೆಯಲ್ಲಿ ರಾಶಿ ರಾಶಿ ಸಿಗುತ್ತಿತ್ತು. ಜೆರಾಕ್ಸ್ ಪ್ರತಿ ಕೂಡ.

ಮಗಳು ಎಂಜಿನಿಯರಿಂಗ್ ಸೀಟು ಬಿಟ್ಟು ಇಂಡೋನೇಷ್ಯನ್ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಹೊಟ್ಟೆಗೆ ಹಿಟ್ಟು ಹುಟ್ಟುತ್ತದಾ?
– ತಂದೆ, ಹಾಸನ

ಬರೀ ಭಾಷೆ ಒಂದೇ ಆದರೆ ಕಷ್ಟ. ಸುಳ್ಳು ಹೇಳುವುದಿಲ್ಲ. ಜೊತೆಗೆ ಇನ್ನೊಂದು ಇರಲಿ: ಕಾನೂನು, ವ್ಯಾಪಾರ, ಪತ್ರಿಕೋದ್ಯಮ, ಏನಾದರೂ. ನಾವು ಅಲ್ಲಿಂದ ಪಾಮ್ ಎಣ್ಣೆ ತರಿಸುತ್ತೇವೆ, ಕಲ್ಲಿದ್ದಲು ತರಿಸುತ್ತೇವೆ. 2009ರ ಅವರ ಕಾನೂನಿನ ಪ್ರಕಾರ ಇಂಡೋನೇಷ್ಯಾದ ಕಂಪನಿ ಮಾಡಿಕೊಳ್ಳುವ ಕರಾರು ಇಂಡೋನೇಷ್ಯನ್ ಭಾಷೆಯಲ್ಲೂ ಇರಲೇಬೇಕು. ನನ್ನ ಅನ್ನ ಇರುವುದು ಅಲ್ಲಿ.

2022ರ ಏಪ್ರಿಲ್ ಕೊನೆಯ ವಾರ ಅವರು ಪಾಮ್ ಎಣ್ಣೆ ರಫ್ತು ನಿಲ್ಲಿಸಿದರಲ್ಲ, ನೆನಪಿದೆಯಾ? 26ನೇ ತಾರೀಕು ಸಂಸ್ಕರಿಸಿದ ಎಣ್ಣೆಗೆ ಮಾತ್ರ ನಿಷೇಧ ಅಂದರು. 27ರ ರಾತ್ರಿ ಇಲ್ಲ, ಕಚ್ಚಾ ಎಣ್ಣೆಗೂ ಅಂದರು. ಆ ರಾತ್ರಿ ಹನ್ನೊಂದಕ್ಕೆ ಮಂಗಳೂರಿನ ಎಣ್ಣೆ ವ್ಯಾಪಾರಿ ಒಬ್ಬರು ಫೋನ್ ಮಾಡಿ, ‘ಅಕ್ಕಾ, ಆ ಆದೇಶದಲ್ಲಿ ನಿಜವಾಗಿ ಏನು ಬರೆದಿದೆ, ಒಂದೊಂದೇ ಪದ ಹೇಳಿ’ ಅಂದರು. ಬೆಳಗಿನ ಜಾವದವರೆಗೂ ಕೂತಿದ್ದೆ. ಸರ್ಕಾರಿ ಕಾಗದದ ಇಂಡೋನೇಷ್ಯನ್ ನಮ್ಮ ತಾಲೂಕು ಆಫೀಸಿನ ಕನ್ನಡದ ಹಾಗೇ ಇರುತ್ತದೆ. ಅದನ್ನು ಓದಲು ಆರು ತಿಂಗಳ ಕೋರ್ಸು ಸಾಲದು ಅಂತ ಪುತ್ತೂರಿನ ತಂಗಿಗೂ ಹೇಳಿ ಬಿಡುತ್ತೇನೆ.

ದುಡ್ಡಿನ ವಿಷಯ. ಇಂಡೋನೇಷ್ಯಾ ಸರ್ಕಾರ 1974ರಿಂದ ‘ದರ್ಮಸಿಸ್ವಾ’ ಅಂತ ಸ್ಕಾಲರ್‌ಶಿಪ್ ಕೊಡುತ್ತಿದೆ. ವಿದೇಶಿ ವಿದ್ಯಾರ್ಥಿಗಳು ಅಲ್ಲೇ ಇದ್ದು ಭಾಷೆ, ಕಲೆ ಕಲಿಯುವುದಕ್ಕೆ. ಡಿಗ್ರಿ ಸಿಗುವುದಿಲ್ಲ. ನಾನು ಮೊದಲು ಹೋದದ್ದು ಅದರಲ್ಲೇ. ಆಮೇಲೆ ಎಂ.ಎ.ಗೆ ಎರಡು ವರ್ಷ ಸಾಲ ಮಾಡಿ ನಿಂತೆ. ನನ್ನ ಸಲಹೆ: ಮಗಳು ಇಲ್ಲಿ ಒಂದು ಡಿಗ್ರಿ ಮುಗಿಸಲಿ, ಆಮೇಲೆ ಒಂದು ವರ್ಷ ಹೋಗಿ ಬರಲಿ. ಆ ವರ್ಷದ ಕೊನೆಗೂ ಹಟ ಇಳಿಯದಿದ್ದರೆ ಅದು ಹಟ ಅಲ್ಲ, ಬಿಟ್ಟುಬಿಡಿ. ನಿಯಮಗಳು ಬದಲಾಗುತ್ತಿರುತ್ತವೆ, ದೆಹಲಿಯ ಅವರ ರಾಯಭಾರ ಕಚೇರಿಯಲ್ಲಿ ವಿಚಾರಿಸಿಯೇ ಅರ್ಜಿ ಹಾಕಿ. ಹಳೇ ಹಸ್ತಪ್ರತಿ, ಇತಿಹಾಸದ ಹುಚ್ಚಿದ್ದರೆ ನೆದರ್‌ಲೆಂಡ್ಸ್‌ನ ಲೈಡನ್ ಯೂನಿವರ್ಸಿಟಿ ಇದೆ, ಆದರೆ ಅಲ್ಲಿಯ ಖರ್ಚು ಬೇರೆ ಲೆಕ್ಕ.

ನಾವು ಸಸ್ಯಾಹಾರಿಗಳು. ಅಲ್ಲಿ ಬದುಕಬಹುದಾ?
– ಗೃಹಿಣಿ, ಶಿರಸಿ

ಧಾರಾಳವಾಗಿ. ‘ತೆಂಪೆ’ ಅಂತ ಸೋಯಾ ಕಾಳನ್ನು ಹುದುಗಿಸಿ ಬಿಲ್ಲೆ ಮಾಡಿರುತ್ತಾರೆ, ಹುರಿದರೆ ರುಚಿಯೋ ರುಚಿ. ಅದು ಹುಟ್ಟಿದ್ದೇ ಜಾವಾದಲ್ಲಿ. ಸಂಜೆ ಹೆಸರುಕಾಳಿನ ಪಾಯಸ ಮಾರುವ ಸಣ್ಣ ಅಂಗಡಿಗಳಿರುತ್ತವೆ, ವಿದ್ಯಾರ್ಥಿಗಳ ಅಡ್ಡಾ. ಕಷ್ಟ ಇರುವುದು ಚಟ್ನಿಯಲ್ಲಿ. ‘ಸಂಬಲ್’ಗೆ ಸಾಮಾನ್ಯವಾಗಿ ‘ತೆರಾಸಿ’ ಹಾಕುತ್ತಾರೆ, ಅದು ಸಿಗಡಿಯದು. ‘ತನ್ಪಾ ತೆರಾಸಿ’, ಅಂದರೆ ತೆರಾಸಿ ಬೇಡ ಅಂತ ಹೇಳುವುದನ್ನು ವಿಮಾನದಲ್ಲೇ ಕಲಿತುಕೊಳ್ಳಿ.

ಯೋಗ್ಯಕರ್ತಾದ ಹೆಮ್ಮೆಯ ಅಡುಗೆ ‘ಗುಡೆಗ್’. ಎಳೆ ಹಲಸಿನಕಾಯಿ, ನಮ್ಮ ಕಡೆಯ ಗುಜ್ಜೆ. ತೆಂಗಿನ ಹಾಲು, ಬೆಲ್ಲ ಹಾಕಿ ಗಂಟೆಗಟ್ಟಲೆ ಬೇಯಿಸಿ ಕಂದು ಬಣ್ಣಕ್ಕೆ ತಂದಿರುತ್ತಾರೆ. ಜೊತೆಗೆ ಕೋಳಿ, ಮೊಟ್ಟೆ, ‘ಕ್ರೆಚೆಕ್’ ಇಡುತ್ತಾರೆ. ಆ ಕ್ರೆಚೆಕ್ ಏನೋ ಹಪ್ಪಳದ ಪಲ್ಯದ ಹಾಗೆ ಕಾಣುತ್ತದೆ, ದನ ಎಮ್ಮೆಯ ತೊಗಲು ಅದು. ಬರೀ ಗುಜ್ಜೆ ಕೊಡಿ ಅಂತ ಬಾಯಿಬಿಟ್ಟು ಕೇಳಿ, ಆದರೆ ಬೇಯಿಸುವಾಗಲೇ ಮಾಂಸ ಸೇರಿದೆಯಾ ಅಂತಲೂ ವಿಚಾರಿಸಿ. ಪಲ್ಯ ಸಿಹಿ ಇರುತ್ತದೆ. ಮೊದಲ ತುತ್ತಿಗೇ ಮುಖ ಸಿಂಡರಿಸಬೇಡಿ, ಬಡಿಸಿದ ಇಬು ನಿಮ್ಮ ಮುಖವನ್ನೇ ನೋಡುತ್ತಾ ನಿಂತಿರುತ್ತಾರೆ.