ಕಾವಲು ರಿಸರ್ವ್ ಆದರೆ ಕುರಿ ಮೇಯಿಸೋದು ಎಲ್ಲಿ?

ಪ್ರಶ್ನೆ: ನಮ್ಮೂರ ಪಕ್ಕದ ಸರ್ಕಾರಿ ಕಾವಲಿನಲ್ಲಿ (ಹುಲ್ಲುಗಾವಲಿನಲ್ಲಿ) ಕೃಷ್ಣಮೃಗ, ನರಿ, ಯಾವಾಗಲಾದರೂ ಒಮ್ಮೆ ತೋಳವೂ ಕಾಣಿಸುತ್ತದೆ. ಅದನ್ನು ರಾಜ್ಯ ಸರ್ಕಾರ ಸಂರಕ್ಷಣಾ ಮೀಸಲು ಪ್ರದೇಶ ಮಾಡುತ್ತದಂತೆ. ನಮ್ಮ ಜಮೀನು ಹೋಗುತ್ತಾ? ಕುರಿ ಮೇಯಿಸೋಕೆ ಬಿಡ್ತಾರಾ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಜಮೀನಿನ ಭಯ ಮೊದಲು ಬಿಡಿ. ಸಂರಕ್ಷಣಾ ಮೀಸಲು ಆಗುವುದು ಸರ್ಕಾರಿ ಜಾಗ ಮಾತ್ರ. ನಿಮ್ಮ ಹೆಸರಲ್ಲಿ ಪಹಣಿ ಇರುವ ಹೊಲ ಅದಕ್ಕೆ ಸೇರುವುದಿಲ್ಲ. ಆದರೆ ಕಾವಲಿನ ಅಂಚಿನಲ್ಲಿ ಬಗರ್‌ಹುಕುಂ ಸಾಗುವಳಿ (ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ನೆಲ ಉಳುವುದು) ಮಾಡುತ್ತಿದ್ದರೆ ಮಾತು ಬೇರೆ, ಯಾಕೆಂದರೆ ಹತ್ತಾರು ವರ್ಷ ಉತ್ತಿದ್ದರೂ ಕಾಗದದಲ್ಲಿ ಆ ನೆಲ ಸರ್ಕಾರದ್ದೇ. ಜಗಳ ಹುಟ್ಟುವುದು ಸಾಮಾನ್ಯವಾಗಿ ಇಲ್ಲಿಯೇ. ಘೋಷಣೆಗೆ ಮುಂಚೆ ಸ್ಥಳೀಯರ ಜೊತೆ ಸಮಾಲೋಚನೆ ಮಾಡಬೇಕು ಅಂತ ಕಾನೂನೇ ಹೇಳುತ್ತದೆ. ಆಗಲೇ ಸರ್ವೆ ನಂಬರ್ ಹಿಡಿದು ಕೇಳಿ. ಆಮೇಲೆ ಕೂಗಾಡಿದರೆ ಉಪಯೋಗ ಕಡಿಮೆ.

ಅಭಯಾರಣ್ಯ ಬೇರೆ, ಸಂರಕ್ಷಣಾ ಮೀಸಲು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿಸಿದ ವರ್ಗ ಇದು. ಬೆಂಕಿ ಹಚ್ಚುವಂತಿಲ್ಲ, ವಿಷ ಇಡುವಂತಿಲ್ಲ, ಸ್ಫೋಟಕ ಬಳಸುವಂತಿಲ್ಲ, ಪ್ರಾಣಿಗಳನ್ನು ಕೆಣಕುವಂತಿಲ್ಲ. ರಿಸರ್ವ್ ಆಯಿತು ಅಂದ ಮಾತ್ರಕ್ಕೆ ಮೇಯಿಸುವುದು ತಾನಾಗಿ ನಿಂತುಹೋಗುವುದಿಲ್ಲ. ಅದೇ ಜಾಗ ಮೊದಲೇ ಮೀಸಲು ಅರಣ್ಯ (ರಿಸರ್ವ್ ಫಾರೆಸ್ಟ್) ಆಗಿದ್ದರೆ ಮಾತ್ರ ಅರಣ್ಯ ಕಾಯ್ದೆಯ ಕಟ್ಟುಪಾಡು ಹೇಗೂ ಇರುತ್ತದೆ.

ನಿಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. 798 ಎಕರೆಯ ಆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಒಮ್ಮೆ ಹೋಗಿ ಅಲ್ಲಿನ ಕುರಿಗಾಹಿಗಳನ್ನೇ ಮಾತಾಡಿಸಿ ಬನ್ನಿ. ತುಂಗಭದ್ರೆಯಲ್ಲೂ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಾಗಿ ಹೀಗೆಯೇ ಘೋಷಿಸಿದರು. ಇನ್ನು ಖಾಸಗಿ ಜಾಗವಾದರೆ ಸಮುದಾಯ ಮೀಸಲು ಅಂತ ಇನ್ನೊಂದು ದಾರಿ ಇದೆ, ಅದು ಜನರೇ ಒಪ್ಪಿ ಮುಂದೆ ಬಂದರೆ ಮಾತ್ರ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಹಾಗೆ ಆದದ್ದು. ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಅಲ್ಲಿ ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳಲ್ಲೇ.

ಮುಂದೆ ಇದೇ ಅಭಯಾರಣ್ಯ ಆಗಲ್ಲ ಅಂತ ಯಾರಾದರೂ ಭರವಸೆ ಕೊಟ್ಟರೆ ಪೂರ್ತಿ ನಂಬಬೇಡಿ. ಸಿಂಗಳೀಕಗಳಿಗಾಗಿ (ಸಿಂಹದಂಥ ಬಾಲದ ಕೋತಿಗಳು) 2011ರಲ್ಲಿ ಮಾಡಿದ ಅಘನಾಶಿನಿ ಸಂರಕ್ಷಣಾ ಮೀಸಲನ್ನು 2019ರಲ್ಲಿ ಶರಾವತಿ ಅಭಯಾರಣ್ಯಕ್ಕೆ ಸೇರಿಸಿದರು. ಅಪರೂಪದ ಕಾಡಿಗೆ ಜಾಸ್ತಿ ರಕ್ಷಣೆ ಸಿಕ್ಕಿತು, ಅದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಆದರೆ ಅಲ್ಲಿಯೇ ಬದುಕುವವರಿಗೆ ಕಟ್ಟುಪಾಡೂ ಜಾಸ್ತಿಯಾಗುತ್ತದೆ, ಇದನ್ನು ಮುಚ್ಚಿಟ್ಟು ಮಾತಾಡಬಾರದು ಅಲ್ವಾ?

ಪ್ರತಿ ಮೀಸಲಿಗೂ ಒಂದು ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯಿಂದ ಒಬ್ಬೊಬ್ಬರು, ಸಂಘ ಸಂಸ್ಥೆಗಳಿಂದ ಮೂವರು ಇರುತ್ತಾರೆ. ಅರಣ್ಯ ಅಥವಾ ವನ್ಯಜೀವಿ ಇಲಾಖೆಯವರು ಸದಸ್ಯ ಕಾರ್ಯದರ್ಶಿ. ಸಮಿತಿ ಸಲಹೆ ಕೊಡಬಹುದು ಅಷ್ಟೇ, ಕೊನೆಯ ಮಾತು ಅದರದ್ದಲ್ಲ. ಆದರೂ ಸುಮ್ನೆ ಸಹಿ ಹಾಕಿ ಬರುವವರನ್ನು ಕಳಿಸಬೇಡಿ, ಕುರಿ ಸಾಕುವವರನ್ನೇ ಕಳಿಸಿ. ಮರಿ ಹಾಕಿದ ಜಿಂಕೆ ಎಲ್ಲಿರುತ್ತದೆ, ಮಂದೆ ಯಾವ ತಿಂಗಳು ಯಾವ ಕಡೆ ಹೋಗಬಹುದು, ಮರಿಗಳನ್ನು ಅಟ್ಟುವ ನಾಯಿಗಳಿಗೆ ಏನು ಮಾಡೋದು, ಇದೆಲ್ಲ ಅವರಿಗೆ ಗೊತ್ತಿರುವಷ್ಟು ಕಚೇರಿಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ.

ಇನ್ನೊಂದು ಮಾತು. ಹುಲ್ಲುಗಾವಲು ಅಂದರೆ ಖಾಲಿ ಜಾಗ ಅಂದುಕೊಂಡು ನೀಲಗಿರಿ, ಅಕೇಶಿಯಾ ನೆಡುವುದು ನಮ್ಮಲ್ಲಿ ಹಳೆಯ ಚಾಳಿ. ಕೃಷ್ಣಮೃಗಕ್ಕೆ ಬೇಕಾದದ್ದು ದೂರದವರೆಗೆ ಕಾಣುವ ಬಯಲು. ಮರ ಬೆಳೆದು ದಟ್ಟವಾದರೆ ನಿಮ್ಮ ಕುರಿಗೂ ಹುಲ್ಲಿಲ್ಲ, ಅದಕ್ಕೂ ಇಲ್ಲ. ಹಾಗಾಗಿ ಮೊದಲ ಸಭೆಯಲ್ಲಿ ಕುರಿಯ ವಿಷಯ ಎತ್ತುವ ಮುಂಚೆ, ಕಾವಲಿನಲ್ಲಿ ಗುಂಡಿ ತೋಡಿ ಗಿಡ ನೆಡುವ ಯೋಜನೆ ಏನಾದರೂ ಇದೆಯಾ ಅಂತ ಕೇಳಿ.