ಗ್ರಿನ್ಯರ್ಡ್ ದ್ವೀಪದ ಮಣ್ಣು ಈಗ ಹೇಗಿದೆ?
ಸ್ಕಾಟ್ಲೆಂಡಿನ ಗ್ರಿನ್ಯರ್ಡ್ ದ್ವೀಪ ಇಂದಿಗೂ ಅಪಾಯಕಾರಿಯೇ ಎಂದು ಕೇಳಿದ್ದೀರಿ. ಇಲ್ಲ, 1990ರಲ್ಲೇ ಅದು ಸುರಕ್ಷಿತವೆಂದು ಘೋಷಿಸಿ ಎಚ್ಚರಿಕೆಯ ಫಲಕಗಳನ್ನು ಕಿತ್ತುಹಾಕಿದರು. ವಾಯವ್ಯ ಕರಾವಳಿಯಿಂದ ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿರುವ, ಎರಡು ಕಿಲೋಮೀಟರ್ ಉದ್ದದ ಪುಟ್ಟ ನೆಲ ಅದು.

1942ರಲ್ಲಿ ಬ್ರಿಟನ್ನಿನ ಮಿಲಿಟರಿ ವಿಜ್ಞಾನಿಗಳು ಅಲ್ಲಿ ಕುರಿಗಳನ್ನು ಕಟ್ಟಿಹಾಕಿ ಆಂಥ್ರಾಕ್ಸ್ ಬಾಂಬ್ ಸಿಡಿಸಿದರು. ನಮ್ಮ ರೈತರು ನೆರಡಿ ಎಂದು ಹೆದರುವ ರೋಗವೇ ಇದು. ಕೆಲವೇ ದಿನಗಳಲ್ಲಿ ಕುರಿಗಳು ಸತ್ತವು. ಆ ಮೂಕ ಮಂದೆಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ರೋಗದ ಬೀಜಾಣುಗಳು ಮಾತ್ರ ಮಣ್ಣಿನಲ್ಲಿ ನಾಲ್ಕು ದಶಕ ಬದುಕಿದವು. 1986ರಲ್ಲಿ ರೋಗಾಣುಗಳನ್ನು ಕೊಲ್ಲುವ ರಾಸಾಯನಿಕವಾದ ಫಾರ್ಮಾಲ್ಡಿಹೈಡಿನ 280 ಟನ್ ದ್ರಾವಣವನ್ನು ಸಮುದ್ರದ ನೀರಿಗೆ ಬೆರೆಸಿ ನೆಲಕ್ಕೆ ಉಣಿಸಿದರು. ತೀರಾ ಕೆಟ್ಟಿದ್ದ ಮೇಲ್ಮಣ್ಣನ್ನು ಕೆರೆದು ಸಾಗಿಸಿದರು. ಬಳಿಕ ಅಲ್ಲೇ ಕುರಿಗಳನ್ನು ಮೇಯಲು ಬಿಟ್ಟು ನೋಡಿದರು. ಅವು ಆರೋಗ್ಯವಾಗಿಯೇ ಇದ್ದವು.